ನಲವತ್ತೇಳನೇ ಶಬ್ದ

ಫೋನಿನಲ್ಲಿ ಆಕೆ ಆಡಿದ ಮೊದಲ ಮಾತೇ ಇದು: "ಐದು ಸಲ ಮುಟ್ಟಿದ್ರೆ ಮಾತಾಡುತ್ತೆ. ಆರನೇ ಸಲ ಮುಟ್ಟಿದ್ರೆ ಗಪ್‌ಚಿಪ್. ಏನು ಮಾಡೋದು?"

ನನಗೆ ತಲೆಬುಡ ತಿಳಿಯಲಿಲ್ಲ. "ಅಮ್ಮಾ, ಮಗು ವಿಷಯ ಆದ್ರೆ ಡಾಕ್ಟರ್‌ಗೆ ತೋರಿಸಿ. ನಾನು ರೇಡಿಯೋ ರಿಪೇರಿಯವನು" ಅಂದೆ.

ಆ ಕಡೆ ನಗು. "ಮಗು ಅಲ್ಲ ಸ್ವಾಮಿ. ಸಿಂಥಸೈಜರ್. ಹಳೇದು. ನನಗಿಂತ ಸ್ವಲ್ಪ ಚಿಕ್ಕದು, ಅಷ್ಟೇ."

ಮುಚ್ಚುಮರೆ ಯಾಕೆ, ಆ ನಗು ಕೇಳಿಯೇ ನಾನು ವಿಳಾಸ ಬರೆದುಕೊಂಡೆ. ಸಿಂಥಸೈಜರ್ ಅನ್ನುವ ಆ ಕರೆಂಟಿನ ವಾದ್ಯವನ್ನು ಅಲ್ಲಿಯವರೆಗೆ ನಾನು ಬಿಚ್ಚಿ ನೋಡಿದವನೇ ಅಲ್ಲ. ರೇಡಿಯೋ, ಟೇಪ್ ರೆಕಾರ್ಡರ್, ಟಿವಿ, ಒಮ್ಮೆ ಯಾರದೋ ಕಿವಿಯ ಮಿಷನ್ನು, ಇಷ್ಟೇ ನನ್ನ ವಿದ್ಯೆ. ಆದರೆ ಎಪ್ಪತ್ತೊಂದನೇ ವಯಸ್ಸಿನಲ್ಲಿ ಯಾರಾದರೂ ಮನೆಗೆ ಬಾ ಅಂದರೆ, ನನಗೆ ಆ ಕೆಲಸ ಬರುವುದಿಲ್ಲ ಅನ್ನುವಷ್ಟು ದಡ್ಡ ನಾನಲ್ಲ.

ನನ್ನ ಮನೆಯ ಸ್ಥಿತಿಯನ್ನೂ ಹೇಳಿಬಿಡುತ್ತೇನೆ. ಹೆಂಡತಿ ತೀರಿಕೊಂಡು ಹನ್ನೆರಡು ವರ್ಷ. ಮಕ್ಕಳಿಲ್ಲ. ಬೆಳಗ್ಗೆ ಎದ್ದ ಕೂಡಲೇ ಮೂರು ರೇಡಿಯೋ ಒಟ್ಟಿಗೆ ಹಾಕುತ್ತೇನೆ, ಮೂರಕ್ಕೂ ಬೇರೆ ಬೇರೆ ಸ್ಟೇಷನ್. ಅಡುಗೆಮನೆಯಲ್ಲಿ ಒಂದು, ನಡುಮನೆಯಲ್ಲಿ ಒಂದು, ಬಚ್ಚಲ ಬಾಗಿಲ ಹತ್ತಿರ ಒಂದು. ಕಣ್ಣು ಮುಚ್ಚಿ ಕೂತರೆ ಮನೆ ತುಂಬ ಜನ ಒಬ್ಬರ ಮಾತು ಒಬ್ಬರು ಕೇಳದೆ ವಾದ ಮಾಡುತ್ತಿದ್ದಾರೆ ಅನ್ನಿಸುತ್ತದೆ. ಊಟ ನಿಂತುಕೊಂಡೇ. ಒಬ್ಬನಿಗೋಸ್ಕರ ಮಣೆ ಹಾಕುವುದು ಯಾರು. ಬೀದಿಯವರು ನನ್ನನ್ನು ರೇಡಿಯೋ ಮಾಮ ಅನ್ನುತ್ತಾರೆ. ಬರೀ ರೇಡಿಯೋ ರಿಪೇರಿ ಮಾಡುತ್ತೇನೆಂದಲ್ಲ, ಒಮ್ಮೆ ಶುರುವಾದರೆ ನನಗೂ ಸ್ವಿಚ್ ಇಲ್ಲವೆಂದು.

ಆಕೆಯ ಮನೆ ಮೂರನೇ ಮಹಡಿ. ಲಿಫ್ಟ್ ಇಲ್ಲ. ಬಾಗಿಲು ತೆರೆದಾಗ ನಾನು ಗೋಡೆ ಹಿಡಿದು ಏದುಸಿರು ಬಿಡುತ್ತಿದ್ದೆ. ಗಿಡ್ಡ ಬಿಳಿ ಕೂದಲು, ಕತ್ತಿನಲ್ಲಿ ದಾರಕ್ಕೆ ತೂಗಿಬಿಟ್ಟ ಕನ್ನಡಕ. ಆಕೆ ಕನ್ನಡಕ ಏರಿಸಲಿಲ್ಲ. ಕಣ್ಣು ಕಿರಿದು ಮಾಡಿ ನನ್ನನ್ನು ತಲೆಯಿಂದ ಚಪ್ಪಲಿಯವರೆಗೆ ನೋಡಿ, ಅಲ್ಲಿಂದ ನಿಧಾನವಾಗಿ ಮತ್ತೆ ತಲೆಗೆ ಬಂದರು.

"ರಿಪೇರಿ ಯಾರಿಗೆ? ಅದಕ್ಕೋ, ನಿಮಗೋ?"

"ಮೊದಲು ನೀರು ಕೊಡಿ. ಆಮೇಲೆ ತೀರ್ಮಾನ ಮಾಡೋಣ."

ಒಳಗೆಲ್ಲ ರಟ್ಟಿನ ಪೆಟ್ಟಿಗೆಗಳು. ಒಂದರ ಮೇಲೆ ‘ಪಾತ್ರೆ’, ಇನ್ನೊಂದರ ಮೇಲೆ ‘ಪುಸ್ತಕ’, ಮತ್ತೊಂದರ ಮೇಲೆ ‘ಬೇಡ’ ಎಂದು ದಪ್ಪ ಅಕ್ಷರದಲ್ಲಿ ಬರೆದಿತ್ತು. ‘ಬೇಡ’ ಅನ್ನುವ ಪೆಟ್ಟಿಗೆಯೇ ಎಲ್ಲಕ್ಕಿಂತ ದೊಡ್ಡದು. ಇಪ್ಪತ್ತೆರಡನೇ ತಾರೀಕು ಮನೆ ಖಾಲಿ ಮಾಡಿ ತಂಗಿಯ ಊರಿಗೆ ಹೋಗುವುದಂತೆ. ತಂಗಿಗೆ ಕಣ್ಣು ಹೆಚ್ಚುಕಡಿಮೆ ಹೋಗಿದೆ, ಜೊತೆಗೆ ಯಾರೂ ಇಲ್ಲ. ರೈಲಿನಲ್ಲಿ ಆರು ಗಂಟೆಯ ದಾರಿ. ಹೋದ ಮೇಲೆ ಮತ್ತೆ ಬರುವ ಮಾತಿಲ್ಲ. ಅಂದು ಮೂರನೇ ತಾರೀಕು.

ಯಂತ್ರ ಊಟದ ಮೇಜಿನ ಮೇಲಿತ್ತು. ಕೆಳಗೆ ಹಾರ್ಮೋನಿಯಂನ ಹಾಗೆ ಬಿಳಿ ಕಪ್ಪು ಮನೆಗಳು, ಮೇಲೆ ಸಾಲಾಗಿ ಮೇಲೆ ಕೆಳಗೆ ಜಾರಿಸುವ ಗುಂಡಿಗಳು, ಅದರಾಚೆ ನಂಬರಿನ ಬಟನ್ನುಗಳು. ಆಕೆ ಒಂದೇ ಮನೆಯನ್ನು ಬಿಟ್ಟು ಬಿಟ್ಟು ಆರು ಸಲ ಒತ್ತಿದರು. ಐದು ಸಲ ದನಿ ಬಂತು. ಆರನೆಯ ಸಲ ಇಲ್ಲ.

"ನೋಡಿ, ಮುನಿಸಿಕೊಂಡಿದೆ. ನಂಬರ್ ಒತ್ತಿದ್ರೂ ಅಷ್ಟೇ, ಯಾವುದೂ ಬರಲ್ಲ. ಇದೊಂದೇ ಬೋಳು ದನಿ."

"ಒಳಗೆ ಆರು ಜನ ಹಾಡುಗಾರರು ಸಾಲಾಗಿ ನಿಂತಿದ್ದಾರೆ ಅಂತ ಇಟ್ಕೊಳ್ಳಿ. ನೀವು ಒತ್ತಿದ ಹಾಗೆ ಸರದಿ ಮೇಲೆ ಒಬ್ಬೊಬ್ಬರು ಬಾಯಿ ತೆಗೀತಾರೆ. ಆರನೆಯವನಿಗೆ ಗಂಟಲು ಕಟ್ಟಿದೆ."

ಆಗ ಆಕೆ ಕನ್ನಡಕ ಏರಿಸಿದರು. ಇವನು ನೋಡಬೇಕಾದ ಮನುಷ್ಯ ಅನ್ನುವ ಹಾಗೆ. ನಿಜ ಹೇಳಬೇಕೆಂದರೆ ಅದು ನಾನು ಗುಂಡಿಗೆ ಗಟ್ಟಿ ಮಾಡಿಕೊಂಡು ಬಿಟ್ಟ ಬಾಣ. ತಾಗಿಬಿಟ್ಟಿತು. ಆಕೆ ಚಹಾ ಇಡಲು ಒಳಗೆ ಹೋದರು.

ನಾನು ಕೆಲಸ ಕಲಿತ ಅಂಗಡಿಯ ಯಜಮಾನ ಕಲಿಸಿದ ಮೊದಲ ಪಾಠ ಒಂದೇ: ಹಳೇ ಸೆಟ್ ಬಿಚ್ಚಿದರೆ ಬೇರೇನನ್ನೂ ಮುಟ್ಟುವ ಮೊದಲು ಬ್ಯಾಟರಿ ಕಿತ್ತು ಹಾಕು. ಹಳೇ ಬ್ಯಾಟರಿ ಸೋರುತ್ತದೆ, ಸೋರಿದ್ದು ಒಳಗಿನ ತಾಮ್ರವನ್ನು ಗೆದ್ದಲಿನ ಹಾಗೆ ತಿನ್ನುತ್ತದೆ. ಐವತ್ತು ವರ್ಷ ನಾನು ಆ ಮಾತು ಮೀರಿಲ್ಲ. ಮುಚ್ಚಳ ಎತ್ತಿದೆ. ಮೂಲೆಯಲ್ಲಿ ಹೆಬ್ಬೆರಳಿನಷ್ಟು ಬ್ಯಾಟರಿ, ಸುತ್ತ ಹಸಿರು ಪಾಚಿ. ನೋಡಿದಿರಾ, ಯಜಮಾನನ ಮಾತು ಸುಳ್ಳಾಗುತ್ತದೆಯೇ ಅಂದುಕೊಂಡು ಸೋಲ್ಡರಿಂಗ್ ಐರನ್ ಕಾಯಿಸಿ ಎರಡು ಕಡೆ ಮುಟ್ಟಿಸಿದೆ. ಬ್ಯಾಟರಿ ಕೈಗೆ ಬಂತು. ಚಹಾ ಕುದಿಯುವಷ್ಟರಲ್ಲಿ ಕೆಲಸ ಮುಗಿದಿತ್ತು. ಹೆಮ್ಮೆಯಿಂದ ಅದನ್ನು ಬಿಸ್ಕತ್ತಿನ ತಟ್ಟೆಯ ಪಕ್ಕದಲ್ಲೇ ಇಟ್ಟೆ.

ಆಕೆ ಲೋಟ ಕೊಟ್ಟು ಎದುರು ಕೂತರು.

"ಇದರೊಳಗೆ ನಂಬರಿಗೊಂದರ ಹಾಗೆ ಅರವತ್ತನಾಲ್ಕು ಶಬ್ದ ಮಾಡಿ ಇಟ್ಟಿದೀನಿ. ಇಪ್ಪತ್ತು ವರ್ಷ ಸ್ಟುಡಿಯೋದಲ್ಲಿ ಜಾಹೀರಾತಿಗೆ ನುಡಿಸಿದೆ. ಸೋಪು, ಕೊಡೆ, ಟೂತ್‌ಪೇಸ್ಟು, ಸೊಳ್ಳೆಬತ್ತಿ. ನೀವೂ ಕೇಳಿರ್ತೀರಿ. ನುಡಿಸಿದ್ದು ಯಾರು ಅಂತ ಯಾರೂ ಕೇಳಲಿಲ್ಲ, ನಾನೂ ಹೇಳಲಿಲ್ಲ. ನಲವತ್ತೇಳನೇದು ಮಾತ್ರ ನಂದು."

"ನಂದು ಅಂದ್ರೆ?"

"ಗಡಿಯಾರದ ಜಾಹೀರಾತಿಗೆ ಮಾಡಿದ್ದೆ. ಒಂದು ಮಧ್ಯಾಹ್ನ ಪೂರ್ತಿ ಒಬ್ಬಳೇ ಕೂತು. ಸ್ಟುಡಿಯೋ ಯಜಮಾನ್ರು ಕೇಳಿ, ‘ಇದನ್ನ ಕೇಳಿದ್ರೆ ಜನ ಗಡಿಯಾರ ಕೊಳ್ಳಲ್ಲಮ್ಮ, ಕೂತ್ಕೊಂಡು ಅಳ್ತಾರೆ’ ಅಂದ್ರು. ಎಲ್ಲೂ ರೆಕಾರ್ಡ್ ಆಗಲಿಲ್ಲ. ಸ್ಟುಡಿಯೋ ಮುಚ್ಚಿದಾಗ ಒಬ್ಬೊಬ್ರು ಒಂದೊಂದು ಸಾಮಾನು ತಗೊಂಡ್ರು. ನಾನು ಇದನ್ನ ತಂದೆ, ಆ ಒಂದು ಶಬ್ದಕ್ಕೋಸ್ಕರ. ಮದುವೆ ಗಿದುವೆ ಅಂತ ನಂಗೇನೂ ಆಗಲಿಲ್ಲ ನೋಡಿ. ನನ್ನದು ಅಂತ ಇರೋದು ಅದೊಂದು. ಊರು ಬಿಡೋ ಮುಂಚೆ ಒಂದು ಸಲ ಕೇಳ್ಬೇಕು."

ನಾನು ಸುಮ್ಮನೆ ಕೇಳಿದೆ: "ಸ್ವಿಚ್ ಆರಿಸಿದ ಮೇಲೂ ಅದು ಒಳಗೆ ಹೇಗೆ ಉಳಿಯುತ್ತೆ?"

"ಯಾರಿಗೆ ಗೊತ್ತು. ಒಳಗೆ ಒಂದು ಪುಟ್ಟ ಬ್ಯಾಟರಿ ಇದೆ, ಅದು ನೆನಪಿಟ್ಕೊಳ್ಳುತ್ತೆ ಅಂತಿದ್ರು ಸ್ಟುಡಿಯೋದವರು."

ಕುಂಬಳಕಾಯಿ ಕಳ್ಳ ಅಂದರೆ ಹೆಗಲು ಮುಟ್ಟಿ ನೋಡಿಕೊಂಡ ಅನ್ನುತ್ತಾರಲ್ಲ, ನನ್ನ ಕೈ ತಾನಾಗಿ ತಟ್ಟೆಯ ಪಕ್ಕ ಹೋಗಿ ಆ ಬ್ಯಾಟರಿಯನ್ನು ಜೇಬಿಗೆ ಹಾಕಿಕೊಂಡಿತು. ಮನೆಗೆ ಹೋಗಿ ಮೀಟರ್ ಹಿಡಿದೆ. ಎರಡೂವರೆ ವೋಲ್ಟ್. ಸೋರಿತ್ತು, ಆದರೆ ಸತ್ತಿರಲಿಲ್ಲ. ಅಷ್ಟು ವರ್ಷ ಆಕೆಯ ಶಬ್ದವನ್ನು ಅವುಚಿಕೊಂಡು ಕೂತಿದ್ದ ಮುದಿ ಬ್ಯಾಟರಿಯನ್ನು ನಾನು ಚಹಾ ಕುದಿಯುವಷ್ಟರಲ್ಲಿ ಕಿತ್ತು ಹಾಕಿದ್ದೆ; ಅದರ ಜೊತೆಗೇ ಆ ಶಬ್ದವೂ ಅಳಿಸಿಹೋಗಿತ್ತು.

ಮಾರನೇ ದಿನ ಹೋಗಿ ಹೇಳಬೇಕಿತ್ತು. ಹೇಳಲಿಲ್ಲ. "ಹತ್ತು ದಿನ ಹಿಡಿಯುತ್ತೆ" ಅಂದೆ. ಭಯವಿತ್ತು, ಅದು ಅರ್ಧ ಸತ್ಯ. ಹೇಳಿದರೆ ಆ ಮೂರು ಮಹಡಿ ಹತ್ತುವ ಕೆಲಸ ಮುಗಿದುಹೋಗುತ್ತದೆ ಅನ್ನುವುದು ಉಳಿದರ್ಧ.

ದಿನಾ ಹತ್ತು ಗಂಟೆಗೆ ಹೋಗುತ್ತಿದ್ದೆ. ಕಿಟಕಿಯಿಂದ ಬಿಸಿಲು ಮೇಜಿನ ಅಂಚಿಗೆ ಬರುವ ಹೊತ್ತು. ಹತ್ತಿಯ ತುದಿಗೆ ವಿನೆಗರ್ ಅದ್ದಿ ಆ ಹಸಿರನ್ನು ಒರೆಸುವುದು, ತಿಂದುಹೋದ ತಾಮ್ರದ ಗೆರೆಗಳ ಜಾಗಕ್ಕೆ ಕೂದಲಿನಂಥ ತಂತಿ ಎಳೆದು ಬೆಸೆಯುವುದು. ಆಕೆ ಪಕ್ಕದಲ್ಲಿ ಕೂತು ಪೆಟ್ಟಿಗೆಗೆ ಸಾಮಾನು ತುಂಬುತ್ತ, ಒಂದೊಂದನ್ನೂ ಎತ್ತಿ ನನಗೆ ತೋರಿಸುತ್ತಿದ್ದರು.

"ಈ ದೀಪ ಇರಲೋ, ಬೇಡವೋ?"

"ಬೇಡ. ಪ್ಲಗ್ ಸುಟ್ಟಿದೆ."

"ಈ ಕುರ್ಚಿ?"

"ಬೇಡ. ಕಾಲು ಅಲ್ಲಾಡುತ್ತೆ."

"ನೀವು ಕೂತಿರೋದೇ ಅದರ ಮೇಲೆ."

"ಹಾಗಾದ್ರೆ ಇರಲಿ."

ಬಾಯಿ ಬಿಗಿ ಹಿಡಿದು, ಕಣ್ಣಲ್ಲಷ್ಟೇ ನಗುವುದು ಆಕೆಗೆ ಅಭ್ಯಾಸ. ಎಡಗಣ್ಣು ಮೊದಲು ನಗುತ್ತಿತ್ತು, ಬಲಗಣ್ಣು ಒಂದು ಕ್ಷಣ ತಡೆದು ಅದನ್ನು ಹಿಂಬಾಲಿಸುತ್ತಿತ್ತು. ಇದನ್ನೆಲ್ಲ ನಾನು ಗಮನಿಸುತ್ತಿದ್ದೇನೆಂದು ಆಕೆಗೆ ಗೊತ್ತಿತ್ತು. ಒಮ್ಮೆ, "ರೇಡಿಯೋದವರೇ, ತಂತಿ ಆ ಕಡೆ ಇದೆ" ಅಂದರು.

ಐದನೇ ದಿನ ಆಸೆ ಬಿಡದೆ ಕೇಳಿದೆ. ಯಂತ್ರದ ಹಿಂಬದಿಯಲ್ಲಿ ಕ್ಯಾಸೆಟ್‌ಗೆ ಜೋಡಿಸುವ ತೂತು ಕಂಡಿತ್ತು. ಒಳಗಿನ ಶಬ್ದಗಳನ್ನು ನಕಲು ಮಾಡಿ ಇಡುವುದಕ್ಕೆ. "ಅಂಥ ಕ್ಯಾಸೆಟ್ ಏನಾದ್ರೂ ಇದೆಯಾ?"

"ಒಂದಿತ್ತು. ಹಾಕಿದ್ರೆ ಬರೀ ಕೀ ಕೀ ಅಂತ ಕಿರುಚ್ತಿತ್ತು. ಹಾಳಾಗಿದೆ ಅಂದ್ಕೊಂಡು ಅದರ ಮೇಲೆ ಪಕ್ಕದ ಮನೆಯವರ ನಾಯಿ ಬೊಗಳೋದನ್ನ ರೆಕಾರ್ಡ್ ಮಾಡಿದೆ. ಅವರ ಮೇಲೆ ಕಂಪ್ಲೇಂಟ್ ಕೊಡೋಕೆ. ಯಾಕೆ?"

"ಸುಮ್ನೆ ಕೇಳ್ದೆ."

ಇಂಥ ಯಂತ್ರ ತನ್ನ ಶಬ್ದಗಳನ್ನು ಕ್ಯಾಸೆಟ್ಟಿನಲ್ಲಿ ಬರೆದಿಡುವುದೇ ಕಿರುಚಾಟದ ಲಿಪಿಯಲ್ಲಿ; ಅದರಲ್ಲೇ ನಲವತ್ತೇಳನೆಯದು ಇತ್ತೆಂದು ಆಕೆಗೆ ಗೊತ್ತಿರಲಿಲ್ಲ.

ಆರನೇ ಹಾಡುಗಾರನ ಗಂಟಲನ್ನು ಎಂಟನೇ ದಿನ ಹುಡುಕಿದೆ. ಆರು ಜನಕ್ಕೂ ಒಂದೇ ಥರದ ಚಿಪ್; ಐದನೆಯದನ್ನು ಆರನೆಯದರ ಜಾಗಕ್ಕೆ ಹಾಕಿ ನೋಡಿದೆ, ಆಗ ಆರು ಹಾಡಿತು, ಐದು ಮೂಕವಾಯಿತು. ದೋಷ ಚಿಪ್ಪಿನದೇ. ಹಳೇ ಸಾಮಾನಿನ ಗುಜರಿಯಲ್ಲಿ ಎರಡು ದಿನ ಧೂಳು ಕುಡಿದು ಅಂಥದೇ ಒಂದನ್ನು ತಂದೆ. ಹದಿನಾಲ್ಕನೇ ತಾರೀಕು ಆರೂ ಹಾಡಿದವು. ನಂಬರಿನ ಬಟನ್ನುಗಳ ದೀಪ ಹತ್ತಿತು.

ಆಕೆ ಒಳಗೆ ಹೋಗಿ ಕೈ ತೊಳೆದು, ಒರೆಸಿ ಬಂದರು. ಕನ್ನಡಕ ಏರಿಸಿ ಬೆನ್ನು ನೆಟ್ಟಗೆ ಮಾಡಿ ಕೂತರು. ಬೆರಳು ನಲವತ್ತೇಳರ ಮೊದಲ ಅಂಕಿ ನಾಲ್ಕರ ಮೇಲೆ ಹೋಯಿತು.

"ಒತ್ತಬೇಡಿ" ಅಂದೆ.

"ಯಾಕೆ?"

"ಅಲ್ಲಿ ಏನೂ ಇಲ್ಲ."

ಎಲ್ಲ ಹೇಳಿದೆ. ಬ್ಯಾಟರಿ, ಎರಡೂವರೆ ವೋಲ್ಟ್, ಜೇಬು. ಕ್ಯಾಸೆಟ್ ಯಾಕೆ ಕೇಳಿದೆ ಅನ್ನುವುದನ್ನೂ ಹೇಳಿದೆ. ಮಾತಿನ ಮಲ್ಲ ಅನ್ನಿಸಿಕೊಂಡವನು ನಾನು. ಆದರೆ ಆವತ್ತು ಒಂದೊಂದು ಮಾತೂ ತುಕ್ಕು ಹಿಡಿದ ಸ್ಕ್ರೂ ಬಿಚ್ಚಿದ ಹಾಗೆ ಬಂತು.

ಆಕೆ ಬೆರಳನ್ನು ಮಡಿಲಿಗೆ ತೆಗೆದುಕೊಂಡರು. "ಯಾವತ್ತು ತೆಗೆದಿದ್ದು?"

"ಮೊದಲನೇ ದಿನ. ನೀವು ಚಹಾ ಮಾಡ್ತಿದ್ದಾಗ."

"ಕೈ ತಪ್ಪು ಯಾರಿಗಾದ್ರೂ ಆಗುತ್ತೆ" ಅಂದರು. ನನಗೆ ಉಸಿರು ಬಂತು. "ಆದ್ರೆ ಹನ್ನೊಂದು ದಿನ ದಿನಾ ಬಂದು ನನ್ನೆದುರು ಕೂತ್ರಲ್ಲ. ನಾನು ದಿನಾ ಎಣಿಸ್ತಾ ಇದ್ದೆ, ಇನ್ನು ನಾಲ್ಕು ದಿನ, ಇನ್ನು ಮೂರು ದಿನ ಅಂತ. ನೀವು ನೋಡ್ತಾ ಇದ್ರಿ." ಎದ್ದು ಬಾಗಿಲು ತೆರೆದು ಹಿಡಿದರು. "ಹೋಗಿ."

ಇಳಿಯುವಾಗ ಮೂರು ಮಹಡಿ ಆರಾಗಿತ್ತು.

ಆಮೇಲಿನ ನಾಲ್ಕು ದಿನದ ಬಗ್ಗೆ ಹೇಳುವುದು ಕಡಿಮೆ. ರೇಡಿಯೋಗಳನ್ನು ಹಾಕಿದೆ. ಮೂರೂ ಮಾತಾಡಿದವು, ನನ್ನ ಹತ್ತಿರ ಯಾವುದೂ ಅಲ್ಲ. ಎರಡನೇ ದಿನ ಅಡುಗೆಮನೆಯ ರೇಡಿಯೋದಲ್ಲಿ ಸೋಪಿನ ಹಳೇ ಜಾಹೀರಾತು ಬಂತು. ನೂರು ಸಲ ಕೇಳಿದ ಹಾಡು. ಸ್ನಾನ ಮಾಡುವಾಗ ನಾನೇ ಗುನುಗಿದ್ದು. ಆವತ್ತು ಮೊದಲ ಬಾರಿಗೆ ಅದರ ಹಿಂದೆ ಒಬ್ಬ ಹೆಂಗಸು ಒಬ್ಬಳೇ ಕೂತಿರುವುದು ಕೇಳಿಸಿತು. ಹತ್ತು ಸೆಕೆಂಡು. ಆಮೇಲೆ ಹವಾಮಾನ ವರದಿ. ನಾನು ಅನ್ನದ ತಟ್ಟೆ ಹಿಡಿದು ನಿಂತಲ್ಲೇ ನಿಂತಿದ್ದೆ.

ಹದಿನೆಂಟನೇ ತಾರೀಕು ಬೆಳಗ್ಗೆ ಫೋನ್.

"ಕ್ಯಾಸೆಟ್ ಅಳಿಸಿದ್ದು ನಾನು" ಅಂದರು, ನಮಸ್ಕಾರ ಗಿಮಸ್ಕಾರ ಇಲ್ಲ. "ಅದೂ ನಾಯಿಗೋಸ್ಕರ. ಮೊದಲ ತಪ್ಪು ನಂದು, ನೀವು ಎರಡನೆಯವರು. ಸಿಟ್ಟು ಮಾತ್ರ ಇನ್ನೂ ಇದೆ."

"ಇರಲಿ ಮೇಡಂ. ಇಟ್ಕೊಳ್ಳಿ."

"ಆ ಶಬ್ದ ನನ್ನ ಕಿವಿಯಲ್ಲಿ ಹಾಗೇ ಇದೆ. ಆದ್ರೆ ಬೆರಳು ಸೊಟ್ಟಗಾಗಿದೆ, ಆ ಗುಂಡಿಗಳನ್ನ ಕೂದಲೆಳೆಯಷ್ಟು ಸರಿಸು ಅಂದ್ರೆ ನನ್ನ ಕೈಲಾಗಲ್ಲ. ನಿಮ್ಮ ಕೈ ನಡುಗುತ್ತಾ?"

"ಸೋಲ್ಡರ್ ಮಾಡೋ ಕೈ. ನಡುಗಲ್ಲ."

"ಹಾಗಾದ್ರೆ ಬನ್ನಿ. ಕೈ ನಿಮ್ಮದು, ಕಿವಿ ನಂದು."

ಆ ನಾಲ್ಕು ದಿನ ನಾನು ಬದುಕಿನಲ್ಲೇ ಅತಿ ಕಡಿಮೆ ಮಾತಾಡಿದ ದಿನಗಳು. ಆಕೆ ಕಣ್ಣು ಮುಚ್ಚಿ ಕೂರುವುದು, ನಾನು ಗುಂಡಿ ಸರಿಸುವುದು.

"ಸ್ವಲ್ಪ ಒದ್ದೆ ಮಾಡಿ."

"ಶಬ್ದನ ಹೇಗೆ ಒದ್ದೆ ಮಾಡೋದು?"

"ನಿಮ್ಮ ಎಡಗೈ ಹತ್ರ ಇರೋದನ್ನ ಮೇಲೆ ತಳ್ಳಿ. ಅಯ್ಯೋ, ಅಷ್ಟಲ್ಲ. ಮುಳುಗಿಹೋಯ್ತು."

"ಈಗ?"

"ಈಗ ನೆಗಡಿ ಆದ ಹಾಗಿದೆ. ಇಳಿಸಿ. ಇನ್ನೂ. ಹಾಂ, ಅಲ್ಲೇ. ಉಸಿರು ಬಿಡಬೇಡಿ, ಕೈ ಅಲ್ಲಾಡುತ್ತೆ."

ಎರಡನೇ ದಿನ ಆಕೆ ಒಂದು ಕಡೆ ಸಿಕ್ಕಿಕೊಂಡರು. ಮೇಲುಗಡೆ ಒಂದು ಸಣ್ಣ ಮಿನುಗು ಇದೆ, ಅದು ಬೇಗ ಬೇಗ ಆಗುತ್ತಿದೆ, ನಿಧಾನವಾಗಬೇಕು ಅಂದರು. ನಾನು ತಲೆ ಆಡಿಸಿದೆ. ಆಕೆ ಕಣ್ಣು ಬಿಟ್ಟು ನನ್ನನ್ನೇ ನೋಡಿದರು.

"ನಿಮಗೆ ಅದು ಕೇಳಿಸ್ತಾ ಇಲ್ಲ."

"ಇಲ್ಲ" ಅಂದೆ. ಇನ್ನೊಂದು ಸುಳ್ಳು ಹೇಳುವ ತಾಕತ್ತು ಇರಲಿಲ್ಲ. "ಅಷ್ಟು ಮೇಲಿನದು ನನ್ನ ಕಿವಿಗೆ ಬಂದು ಎಷ್ಟೋ ವರ್ಷ ಆಯ್ತು."

ಆಕೆ ನನ್ನ ಕೈಯನ್ನು ಮೇಜಿನ ಮೇಲೆ ಅಂಗಾತ ಮಾಡಿ, ಮಣಿಕಟ್ಟಿನ ಮೇಲೆ ಸೊಟ್ಟ ತೋರುಬೆರಳಿನ ತುದಿಯಿಂದ ಮೆಲ್ಲಗೆ ತಟ್ಟತೊಡಗಿದರು. ಟಪ್ ಟಪ್ ಟಪ್. "ಈಗ ಹೀಗಿದೆ." ಆಮೇಲೆ ನಿಧಾನ. ಒಂದು. ಬಿಡುವು. ಒಂದು. "ಹೀಗಾಗಬೇಕು." ನಾನು ಇನ್ನೊಂದು ಕೈಯಲ್ಲಿ ಗುಂಡಿ ಎಳೆದೆ. ಸರಿಯಾದ ಜಾಗ ಬಂದಾಗ ಆಕೆ ತಟ್ಟುವುದನ್ನು ನಿಲ್ಲಿಸಬೇಕಿತ್ತು. ಸ್ವಲ್ಪ ಹೊತ್ತು ನಿಲ್ಲಿಸಲಿಲ್ಲ. ಹನ್ನೆರಡು ವರ್ಷದಿಂದ ನನ್ನ ಆ ಮಣಿಕಟ್ಟನ್ನು ಡಾಕ್ಟರ್ ಬಿಟ್ಟರೆ ಬೇರೆ ಯಾರೂ ಮುಟ್ಟಿರಲಿಲ್ಲ.

ಇಪ್ಪತ್ತೊಂದರ ಮಧ್ಯಾಹ್ನ ಆಕೆ "ಸಾಕು, ಕೈ ತೆಗೀರಿ" ಅಂದು ತಾವೇ ನುಡಿಸಿದರು. ಏನು ಹೇಳಲಿ, ವರ್ಣಿಸುವ ವಿದ್ಯೆ ನನ್ನದಲ್ಲ. ಮನೆಯವರೆಲ್ಲ ಎಲ್ಲಿಗೋ ಹೋಗಿರುವಾಗ ಮಧ್ಯಾಹ್ನದ ಬಿಸಿಲು ತಾನೇ ಒಳಗೆ ಬಂದು ಕೂತ ಹಾಗೆ. ನನಗೆ ಕೇಳಿಸಿದ್ದು ಇಷ್ಟು. ಮೇಲಿನ ಮಿನುಗು ಆಕೆಯ ಮುಖದಲ್ಲಿ ಕಂಡಿತು.

"ಇದೇನಾ ಅದು?" ಕೇಳಿದೆ.

"ಅಲ್ಲ."

ನನ್ನ ಕೈ ಮತ್ತೆ ಗುಂಡಿಗಳ ಮೇಲೆ ಹೋಯಿತು. "ಏನು ಕಡಿಮೆಯಾಯ್ತು? ಹೇಳಿ, ಸರಿಸ್ತೀನಿ."

"ಅದು ಒಬ್ಬಳೇ ಕೂತು ಮಾಡಿದ್ದು. ಅದರಲ್ಲಿದ್ದ ಒಂಟಿತನ ಇದಕ್ಕೆ ಬರ್ತಾ ಇಲ್ಲ. ನಿನ್ನೆಯಿಂದ ತಿದ್ದಿಸ್ತಾ ಇದ್ದೀನಿ, ಬರ್ತಾನೇ ಇಲ್ಲ." ಎಡಗಣ್ಣು ನಕ್ಕಿತು. ಬಲಗಣ್ಣು ನಗಲಿಲ್ಲ, ಒದ್ದೆಯಾಯಿತು.

ತಂದಿದ್ದ ಹೊಸ ಬ್ಯಾಟರಿ ತೆಗೆದು, "ಇದನ್ನ ಹಾಕಿಬಿಡ್ತೀನಿ, ನಲವತ್ತೇಳರಲ್ಲೇ ಉಳಿಯುತ್ತೆ" ಅಂದೆ.

"ಹಾಕಬೇಡಿ."

"ಹಾಕದಿದ್ರೆ ಸ್ವಿಚ್ ಆರಿಸಿದ ಕೂಡಲೇ ಹೋಗುತ್ತೆ."

"ಹೋಗಲಿ. ಬೇಕಾದಾಗ ಮತ್ತೆ ಮಾಡೋಣ."

"ನಿಮ್ಮ ಒಬ್ಬರ ಕೈಲಿ ಆಗಲ್ಲ ಮೇಡಂ."

"ಅದಕ್ಕೇ ಹೇಳಿದ್ದು" ಅಂದು ಆಕೆ ಕೈ ಚಾಚಿ ಸ್ವಿಚ್ ಆರಿಸಿಬಿಟ್ಟರು.

ಇಷ್ಟು ಬಿಡಿಸಿ ಹೇಳಿದ ಮೇಲೂ ನಾನು ಏನು ಮಾಡಿದೆ ಗೊತ್ತೇ? ಮುಚ್ಚಳದ ಸ್ಕ್ರೂ ಬಿಗಿಮಾಡಿದೆ. ಎಂಟು ಸ್ಕ್ರೂ. ಎಂಟನ್ನೂ ಬಿಗಿಮಾಡಿ, "ಸಾಗಿಸುವಾಗ ಅಡ್ಡ ಮಲಗಿಸಬೇಡಿ" ಅಂದು ಬಂದೆ. ಇಪ್ಪತ್ತೆರಡರಂದು ಲಾರಿ ಬಂತು. ಆಕೆ ಡ್ರೈವರ್ ಪಕ್ಕ ಹತ್ತಿ ಕೂತು ಗಾಜು ಇಳಿಸಿ ನನ್ನನ್ನೇ ನೋಡಿದರು. ಬೀದಿಯಲ್ಲಿ ನಿಂತು ನಾನು ಹಗ್ಗದ ಗಂಟಿನ ಬಗ್ಗೆ ಡ್ರೈವರ್‌ಗೆ ಭಾಷಣ ಮಾಡಿದೆ. ಲಾರಿ ತಿರುವಿನಲ್ಲಿ ಮರೆಯಾದ ಮೇಲೂ ಭಾಷಣ ಬಾಯಲ್ಲಿ ಸ್ವಲ್ಪ ಉಳಿದಿತ್ತು.

ಆಮೇಲೆ ಆರು ದಿನ. ಫೋನ್ ಎತ್ತುವುದು, ಇಡುವುದು. ಆಡಬೇಕಾದ್ದೊಂದನ್ನು ಬಿಟ್ಟು ಮಿಕ್ಕಿದ್ದೆಲ್ಲ ಆಡುವ ಬಾಯಿ ಇದು, ಹೆಂಡತಿ ಇದ್ದಾಗಲೂ ಹಾಗೇ. ಅವಳಿಗೆ ಹೇಳಬೇಕೆಂದಿದ್ದ ಎಷ್ಟೋ ಮಾತು ಹೇಳುವಷ್ಟರಲ್ಲಿ ಅವಳು ಆಸ್ಪತ್ರೆಯ ಮಂಚದ ಮೇಲಿದ್ದಳು. ಏಳನೇ ದಿನ ಬೆಳಗ್ಗೆ ಮೂರು ರೇಡಿಯೋವನ್ನೂ ಆರಿಸಿ, ಕೂತುಕೊಂಡು, ನಂಬರ್ ಒತ್ತಿದೆ.

"ರೇಡಿಯೋದವರೇ" ಅಂದರು ಆಕೆ, ನಾನು ಬಾಯಿ ತೆಗೆಯುವ ಮೊದಲೇ. "ನನ್ನ ತಂಗಿ ದಿನಾ ಈ ಯಂತ್ರಕ್ಕೆ ಡಿಕ್ಕಿ ಹೊಡೆದು ಬೈತಾಳೆ. ಮಾತೂ ಆಡದ, ಜಾಗನೂ ಬಿಡದ ಇದು ಯಾಕೆ ಬೇಕು ಅಂತ."

"ನೀವು ಹೋದ ಮೇಲೆ ನಂಗೆ ಆಗ್ತಾ ಇಲ್ಲ" ಅಂದೆ.

"ಏನಾಗ್ತಾ ಇಲ್ಲ?"

"ಯಾವುದೂ. ಊಟ, ನಿದ್ದೆ, ಮಾತು. ನಿಮ್ಮ ಜೊತೆ ಇರಬೇಕು ಅನ್ಸುತ್ತೆ. ಈ ವಯಸ್ಸಲ್ಲಿ ಇದನ್ನ ಹೇಗೆ ಹೇಳ್ತಾರೋ ಗೊತ್ತಿಲ್ಲ, ಅದಕ್ಕೆ ಹೀಗೇ ಹೇಳ್ದೆ."

ಆ ಕಡೆ ಆಕೆ ಮೂಗು ಒರೆಸಿಕೊಂಡದ್ದು ಕೇಳಿಸಿತು.

"ನಾಳೆ ಬೆಳಗಿನ ಗಾಡಿ ಇದೆ" ಅಂದರು.

"ಬರ್ತೀನಿ. ಟೂಲ್ಸ್ ಎಲ್ಲ ತರ್ತೀನಿ. ಲಾರಿಯಲ್ಲಿ ಕುಲುಕಾಡಿ ಏನಾದ್ರೂ ಸಡಿಲ ಆಗಿದ್ರೆ..."

"ಟೂಲ್ಸ್ ಬೇಡ. ಬಟ್ಟೆ ತನ್ನಿ."

"ಎಷ್ಟು ಜೊತೆ ತರಲಿ?"

"ನಿಮ್ಮ ಹತ್ರ ಎಷ್ಟಿವೆ?" ಅಂದರು.